ರದ್ದು ಒತ್ತಿದ ಕೈ

ಇದನ್ನು ಹೇಳುವುದನ್ನು ನಾನು ಬಹಳ ಸಲ ಮುಂದಕ್ಕೆ ಹಾಕಿದ್ದೇನೆ. ಮಗಳ ಮದುವೆ ಒಂದು ಆಗಲಿ ಅಂದೆ; ಆಯಿತು. ಬುಕಿಂಗ್ ಅಂಗಡಿ ಬಿಟ್ಟ ಮೇಲೆ ಹೇಳೋಣ ಅಂದೆ, ಬಿಟ್ಟೆ. ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಅಂದೆ. ಎರಡೂ ಕಣ್ಣಿನದು ತೆಗೆಸಿ ಮೂರು ವರ್ಷವಾಯಿತು. ಇನ್ನು ನೆಪಗಳು ಉಳಿದಿಲ್ಲ. ಉಳಿದಿದ್ದರೂ ನನಗೆ ಬೇಡ.

ಬರೆಯುತ್ತೇನೆ ಅಂದಾಗ ಮಗ, "ಅಪ್ಪಾ, ಅದು ಸಿಸ್ಟಮ್ ಮಿಸ್ಟೇಕ್ ಅದ. ಹತ್ತು-ಹನ್ನೆರಡು ವರ್ಷದ ಮಾತು ಈಗ್ಯಾಕ ಕೆದರ್ತಿ?" ಅಂದ. ನಮ್ಮ ಸಮಾಜದ ಹಿರಿಯರೊಬ್ಬರು ಅದನ್ನೇ ಇನ್ನೊಂದು ರೀತಿ ಹೇಳಿದರು: "ಕಂಪ್ಯೂಟರದ ಪಾಪ ನಿನ್ನ ತಲಿಗಿ ಯಾಕ ಕಟ್ಕೋತಿ?" ಇಬ್ಬರಿಗೂ ನನ್ನ ಉತ್ತರ ಒಂದೇ. ಕಂಪ್ಯೂಟರಿಗೆ ಪಾಪ ಹತ್ತುವುದಿಲ್ಲ. ಪಾಪ ಹತ್ತಬೇಕಾದರೆ ಕೈ ಬೇಕು, ಕೈ ನನ್ನದು. ಈ ಮಾತನ್ನು ನನ್ನಿಂದ ಕಸಿದುಕೊಂಡು ಯಂತ್ರಕ್ಕೆ ಕೊಡಲು ನಾನು ಯಾರಿಗೂ ಬಿಡುವುದಿಲ್ಲ.

ನಾನು ಹುಟ್ಟಿದ್ದು ನಾರಾಯಣಖೇಡದ ಕಡೆ. ಹತ್ತನೆಯ ಇಯತ್ತೆಯ ತನಕ ಓದಿದ್ದು ಬೀದರಿನಲ್ಲಿ, ಸೋದರಮಾವನ ಮನೆಯಲ್ಲಿದ್ದು. ಅದಕ್ಕೇ ಕನ್ನಡದಲ್ಲಿ ಬರೆಯಲು ಬರುತ್ತದೆ. ದುಡಿದದ್ದು ಜಹೀರಾಬಾದಿನಲ್ಲಿ. ಹೈದರಾಬಾದಿನಿಂದ ಸೊಲ್ಲಾಪುರ, ಪುಣೆ, ಮುಂಬಯಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ನನ್ನದೊಂದು ತಗಡಿನ ಅಂಗಡಿ. ಪ್ರೈವೇಟ್ ಬಸ್ಸುಗಳಿಗೆ ಸೀಟು ಮಾಡಿಕೊಡುವುದು ಕೆಲಸ. ಮೊದಲ ಹದಿನೈದು-ಇಪ್ಪತ್ತು ವರ್ಷ ಒಂದು ಫೋನು, ಒಂದು ಪೆನ್ಸಿಲ್ಲು, ಬಸ್ಸಿನ ಸೀಟಿನ ಚೌಕಗಳು ಅಚ್ಚಾದ ಚಾರ್ಟಿನ ಹಾಳೆ, ಇಷ್ಟರಲ್ಲೇ ನಡೆದುಹೋಯಿತು. ಹೈದರಾಬಾದಿನ ಆಫೀಸಿಗೆ ಫೋನು ಹಚ್ಚಿ "ಹನ್ನೊಂದು, ಹನ್ನೆರಡು ನನಗ ಹಾಕ್ರಿ" ಅಂದರೆ ಅವರು ಅಲ್ಲಿ ಒಂದು ಗೀಟು ಎಳೆಯುತ್ತಿದ್ದರು, ನಾನು ಇಲ್ಲಿ ಒಂದು. ಎರಡೂ ಹಾಳೆ ಒಂದೇ ತರಹ ಇದ್ದರೆ ವ್ಯಾಪಾರ ಸರಿ. ಇಲ್ಲದಿದ್ದರೆ ಒಂದೇ ಸೀಟಿಗೆ ಇಬ್ಬರು ಕೂತು ಬೈದಾಡುತ್ತಿದ್ದರು.

ಈ ಕೆಲಸದಲ್ಲಿ ನನಗೊಂದು ಜಂಬವಿತ್ತು. ನನ್ನ ಬಾಯಲ್ಲಿ "ಸೀಟಿಲ್ಲ" ಅನ್ನುವ ಮಾತನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಯಾರೇ ಬರಲಿ, ಚಾರ್ಟು ನೋಡುವ ಮೊದಲೇ "ಆಗ್ತದ್ರಿ" ಅನ್ನುತ್ತಿದ್ದೆ. ಆಮೇಲೆ ಹೇಗೋ ಮಾಡುತ್ತಿದ್ದೆ. ಆ "ಹೇಗೋ" ಅನ್ನುವುದರಲ್ಲೇ ಈ ಕಥೆಯೆಲ್ಲ ಇದೆ.

ವೆಬ್‌ಸೈಟು ಬಂದಾಗ ನಮ್ಮಂಥವರ ಕಥೆ ಮುಗಿಯಿತು ಅಂದರು. ನನಗೆ ಕಂಪ್ಯೂಟರು ಕಲಿಸಿದ್ದು ವೈನಿ, ನಮ್ಮ ಅಣ್ಣನ ಹೆಂಡತಿ. ಅಣ್ಣ ಕರಣಕೋಟದ ಕಡೆ ಕೆಲಸದಲ್ಲಿದ್ದ. ಅವನು ತೀರಿಕೊಂಡ ಮೇಲೆ ವೈನಿ ತಾಂಡೂರಿನ ಸ್ಟೇಷನ್ ರಸ್ತೆಯಲ್ಲಿ ಒಂದು ಮಳಿಗೆ ಹಿಡಿದು, ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಮಷೀನು ಇಟ್ಟುಕೊಂಡರು. ಫಲಿತಾಂಶ ನೋಡಲು, ಅರ್ಜಿ ತುಂಬಲು, ಟಿಕೆಟ್ ಮಾಡಿಸಲು ಸುತ್ತಲ ಹಳ್ಳಿಯವರೆಲ್ಲ ಅವರಲ್ಲಿಗೇ ಬರುತ್ತಿದ್ದರು. ನಾನು ವಾರಕ್ಕೊಮ್ಮೆ ಹೋಗಿ ಅವರ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ.

"ತಮ್ಮಾ, ಮೌಸ್ ಅಂದ್ರ ಎತ್ತಿನ ಹಗ್ಗಲ್ಲ. ಹಂಗ ಜಗ್ಗಬ್ಯಾಡ."

"ಇದು ನನ್ನ ಮಾತ ಕೇಳವಲ್ದು, ವೈನಿ."

"ನೀ ಯಾರ ಮಾತ ಕೇಳ್ತಿ, ಅದು ನಿನ್ನ ಮಾತ ಕೇಳಾಕ?"

ಎರಡು ತಿಂಗಳಲ್ಲಿ ಕಲಿಸಿದರು. ಹೆಸರು ಹೊಡೆಯುವುದು, ತಾರೀಖು ಹಾಕುವುದು, ಹಣ ಕಟ್ಟುವ ಪುಟ ಸುತ್ತುತ್ತ ನಿಂತಾಗ ಕೈ ಮುಟ್ಟದೆ ಕಾಯುವುದು. ಕಾಯುವುದನ್ನು ಕಲಿಯಲು ನನಗೆ ಹೆಚ್ಚು ದಿನ ಹಿಡಿಯಿತು.

ಪರದೆಯ ಮುಂದೆ ಕೂತವರು ಒಂದು ತಿಳಿದುಕೊಂಡಿರುತ್ತಾರೆ: ಈ ವೆಬ್‌ಸೈಟಿನವರ ಹತ್ತಿರ ಬಸ್ಸುಗಳಿವೆ, ಅಲ್ಲಿ ಕಂಡದ್ದೇ ಸತ್ಯ. ಅದು ಹಾಗಲ್ಲ. ಅವರ ಹತ್ತಿರ ಒಂದು ಗಾಲಿಯೂ ಇಲ್ಲ. ಬಸ್ಸಿನ ಮಾಲೀಕ ತನ್ನ ಸೀಟಿನ ನಕ್ಷೆ ಅವರಿಗೆ ಕೊಡುತ್ತಾನೆ. ಅದನ್ನೇ ನಾಲ್ಕು ಸೈಟುಗಳು ನಾಲ್ಕು ಬಣ್ಣದಲ್ಲಿ ತೋರಿಸುತ್ತವೆ. ಮಾಲೀಕ ಎಲ್ಲ ಸೀಟನ್ನೂ ಕೊಡುವುದಿಲ್ಲ. ಮುಂದಿನವು ಕೆಲವು ಫೋನಿನವರಿಗೆ, ಕೆಲವು ನನ್ನಂಥ ಏಜೆಂಟರಿಗೆ ಎತ್ತಿಟ್ಟಿರುತ್ತಾನೆ. ಹೀಗಾಗಿ "ಇನ್ನು ಎರಡೇ ಸೀಟು" ಅಂತ ಪರದೆ ಹೇಳುವಾಗ ಅರ್ಧ ಬಸ್ಸು ಖಾಲಿ ಇರಬಹುದು. ನೀವು ಒಂದು ಸೀಟಿನ ಮೇಲೆ ಬೆರಳಿಟ್ಟರೆ ಹಣ ಕಟ್ಟುವ ತನಕ ಕೆಲವು ನಿಮಿಷ ಅದು ಉಳಿದವರಿಗೆ ಮಾರಾಟವಾದಂತೆ ಕಾಣುತ್ತದೆ. ನೀವು ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತದೆ. ಹೆಣ್ಣುಮಗಳು ಕೂತ ಸೀಟಿನ ಪಕ್ಕದ್ದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ; ಅದು ಇನ್ನೊಬ್ಬ ಹೆಣ್ಣುಮಗಳಿಗೇ ಹೋಗಬೇಕು. ಕೊನೆಗೆ ಬಸ್ಸು ಬಿಡುವ ಮುಂಚೆ ಚಾರ್ಟು ಇಳಿಯುತ್ತದೆ. ಯಾರು ಬಂದರು, ಯಾರು ಬರಲಿಲ್ಲ ಅನ್ನುವುದು ಯಾವ ಕಂಪ್ಯೂಟರಿಗೂ ಗೊತ್ತಾಗುವುದಿಲ್ಲ. ಅದನ್ನು ರಸ್ತೆಯ ಮೇಲೆ ನಿಂತ ಏಜೆಂಟ ಫೋನಿನಲ್ಲಿ ಹೇಳಬೇಕು. ಅವನು ಹೇಳಿದ್ದೇ ಕಂಪನಿಗೆ ಸತ್ಯ, ವೆಬ್‌ಸೈಟಿಗೆ ಸತ್ಯ, ದೂರದ ಊರಲ್ಲಿ ಕೂತು ನಿಮ್ಮ ದೂರು ಕೇಳುವ ಹುಡುಗಿಗೂ ಸತ್ಯ.

ಆ ಏಜೆಂಟ ನಾನು. ಇಷ್ಟು ದೊಡ್ಡ ಯಂತ್ರದ ತುದಿಯಲ್ಲಿ ನನ್ನ ನಾಲಗೆ ಇತ್ತು.

ನಾನು ಕಂಡುಕೊಂಡ ಉಪಾಯ ಇದು. ಏಜೆಂಟರ ಪರದೆಯಲ್ಲಿ ಸೀಟು ಹಿಡಿಯಲು ಹೆಸರು, ವಯಸ್ಸು, ಗಂಡೋ ಹೆಣ್ಣೋ ಇಷ್ಟು ಸಾಕಿತ್ತು. ನಾನು ಇಲ್ಲದ ಹೆಂಗಸರನ್ನು ಕೂರಿಸತೊಡಗಿದೆ. ಒಂದು ಸುಳ್ಳು ಹೆಂಗಸನ್ನು ಹಾಕಿದರೆ ಪಕ್ಕದ ಸೀಟೂ ಗುಲಾಬಿಯಾಗುತ್ತದೆ, ಗಂಡಸರು ಮುಟ್ಟುವುದಿಲ್ಲ. ಒಂದು ಹೆಸರಿಗೆ ಎರಡು ಸೀಟು ಉಳಿದಂತೆ. ಕೊನೆಯ ಗಳಿಗೆಯಲ್ಲಿ ಊರಿನ ಯಾರಾದರೂ ಓಡಿಬಂದರೆ ಆಫೀಸಿಗೆ ಫೋನು ಮಾಡಿ "ನಮ್ಮ ಹೆಂಗಸು ಬರವಲ್ಲಳು, ರದ್ದು ಮಾಡ್ರಿ" ಅನ್ನುವುದು, ಆ ಸೀಟನ್ನು ಬಂದವರಿಗೆ ಕೊಡುವುದು. ಅತ್ತಿಗೆ, ನಾದಿನಿ, ಸತ್ತ ಅಜ್ಜಿ, ಎಲ್ಲರ ಹೆಸರನ್ನೂ ಹಾಕಿದೆ. ಎಲ್ಲರಿಗೂ ವಯಸ್ಸು ಮೂವತ್ತು. ಯೋಚಿಸುವ ಶ್ರಮ ಯಾಕೆ?

ಹೈದರಾಬಾದಿನ ಆಫೀಸಿನಲ್ಲಿ ಚಾರ್ಟು ನೋಡುವವನೊಬ್ಬ ಇದನ್ನು ಹಿಡಿದಿದ್ದ. "ಕ್ಯಾ ಚಾಚಾ," ಅನ್ನುತ್ತಿದ್ದ, "ನಿಮ್ಮೂರ ಹೆಂಗಸರಿಗಿ ವಯಸ್ಸೇ ಆಗಂಗಿಲ್ಲೇನು? ಎಲ್ಲಾರೂ ಮೂವತ್ತು. ನಮ್ಮ ಮನಿಯಾಕಿಗೂ ಸ್ವಲ್ಪ ನಿಮ್ಮೂರ ನೀರು ಕಳಿಸ್ರಿ." ನಗುತ್ತಿದ್ದೆವು. ನಾನು ರದ್ದು ಮಾಡು ಅಂದರೆ ಎದುರು ಪ್ರಶ್ನೆ ಕೇಳದೆ ಮಾಡುತ್ತಿದ್ದ.

ಆಗ ಪ್ರತ್ಯೇಕ ರಾಜ್ಯದ ಚಳವಳಿಯ ಕಾಲ. ಬಂದ್ ಇಲ್ಲದ ವಾರವೇ ಇಲ್ಲ. ಹೆದ್ದಾರಿಯ ಮೇಲೇ ಕಲ್ಲೊಲೆ ಹೂಡಿ ಅನ್ನ ಬೇಯಿಸಿ ಅಲ್ಲೇ ಉಂಡು ಏಳುತ್ತಿದ್ದರು. ನಾನೂ ಎಷ್ಟೋ ಸಲ ಆ ಪಂಗತಿಯಲ್ಲಿ ಕೂತಿದ್ದೇನೆ. ನಮ್ಮ ಮನೆಮಾತು ಕನ್ನಡವಾದರೇನು, ಘೋಷಣೆಯನ್ನು ತೆಲುಗಿನಲ್ಲಿ ಗಂಟಲು ಹರಿಯುವಂತೆ ಕೂಗಿದ್ದೇನೆ. ನಮ್ಮ ಮಕ್ಕಳ ನೌಕರಿಯನ್ನು ಬೇರೆಯವರು ಒಯ್ಯುತ್ತಿದ್ದಾರೆ ಅನ್ನುವುದೇ ದೊಡ್ಡ ಸಿಟ್ಟು. ಆ ಸಿಟ್ಟು ಸುಳ್ಳಾಗಿರಲಿಲ್ಲ, ಇವತ್ತಿಗೂ ನಾನು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅದೇ ಗಂಟಲಿನಿಂದ ನಾನು ಮಾಡಿದ್ದನ್ನೂ ಹೇಳಬೇಕು.

ಆ ಸಲ ಎರಡು ದಿನದ ಬಂದ್ ಕೂಗಿದ್ದರು. ಹಿಂದಿನ ದಿನ ಇಳಿಹೊತ್ತಿನಲ್ಲಿ ಒಬ್ಬ ಹುಡುಗಿ ನನ್ನ ಅಂಗಡಿಗೆ ಬಂದಳು. ಪೆದ್ದೆಮುಲ್ ಕಡೆಯ ಹಳ್ಳಿಯವಳು, ನರ್ಸಿಂಗ್ ಮುಗಿಸಿದವಳು. ಭುಜಕ್ಕೆ ಒಂದು ಚೀಲ, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳು. ಬಂದ್ ಶುರುವಾದರೆ ಊರಿನಿಂದ ಬರಲಾಗದು ಅಂತ ಒಂದು ದಿನ ಮೊದಲೇ ಬಂದು ಜಹೀರಾಬಾದಿನಲ್ಲಿ ಸಂಬಂಧಿಕರ ಮನೆಯಲ್ಲಿ ಇಳಿದಿದ್ದಳು.

"ಕಾಕಾ, ನಾಳಿನ ಪುಣಾ ಬಸ್ ಬರ್ತದೇನ್ರಿ? ನಂದು ಹನ್ನೊಂದನೇ ಸೀಟ್ ಅದ."

"ಬರ್ತದವ್ವಾ. ಎಲ್ಲಿ ಮಾಡಿಸಿದಿ ಟಿಕೆಟ್?"

"ತಾಂಡೂರದಾಗ, ನೆಟ್ ಅಂಗಡಿ ಅಕ್ಕಾರ ಹಂತ್ಯಾಕ."

ವೈನಿಯ ಅಂಗಡಿಯೇ. ನಮ್ಮ ಮನೆಯವರೇ ಬಂದಷ್ಟು ಖುಷಿಯಾಯಿತು. ಪುಣೆಯಲ್ಲಿ ಏನು ಕೆಲಸ ಅಂತ ಕೇಳಿದೆ. ಕವರಿನಿಂದ ಕಾಗದ ತೆಗೆದು ತೋರಿಸಿದಳು. ಅಲ್ಲಿಯ ದೊಡ್ಡದೊಂದು ಆಸ್ಪತ್ರೆಯಲ್ಲಿ ಅವಳಿಗೆ ನರ್ಸಿನ ಕೆಲಸವಾಗಿತ್ತು. ನಾಡಿದ್ದು ಬೆಳಗ್ಗೆ ಹತ್ತಕ್ಕೆ ಹಾಜರಾಗಬೇಕು; ಆಗದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತಾರೆ ಅಂತ ಅಚ್ಚು ಅಕ್ಷರದಲ್ಲೇ ಬರೆದಿತ್ತು. ನಾನು ಅದನ್ನು ಓದಿದೆ. ಇದು ಗಮನದಲ್ಲಿರಲಿ. ನಾನು ಅದನ್ನು ಕನ್ನಡಕ ಹಾಕಿಕೊಂಡು ಓದಿದೆ.

"ಬಸ್ ನಿಲ್ಲೂ ಜಾಗ ಬದಲಾದ್ರ ಫೋನ್ ಮಾಡ್ತೀರೇನ್ರಿ? ಟಿಕೀಟಿನಾಗ ಅಕ್ಕಾರ ನಂಬರ್ ಅದ. ನಂದು ಬರ್ಕೋರಿ."

ಅದು ನಮ್ಮ ಕಡೆಯ ಪದ್ಧತಿಯಾಗಿತ್ತು. ಹಳ್ಳಿಯವರಿಗೆ ಇಮೇಲ್ ಇಲ್ಲ, ಫೋನಿನಲ್ಲಿ ಮೆಸೇಜು ಓದುವ ರೂಢಿಯಿಲ್ಲ. ಹೀಗಾಗಿ ಎಲ್ಲರ ಟಿಕೆಟಿನ ಮೇಲೂ ನೆಟ್ ಅಂಗಡಿಯವರ ನಂಬರೇ. ಹುಡುಗಿ ಬುದ್ಧಿವಂತೆ, ಅದರ ಅಪಾಯ ಅವಳಿಗೆ ಗೊತ್ತಿತ್ತು. ನಾನು ಅವಳ ನಂಬರನ್ನು ತಗಡಿನ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಬರೆದುಕೊಂಡೆ.

"ಫಿಕರ್ ಮಾಡಬ್ಯಾಡ. ಹತ್ತಕ್ಕಂದ್ರ ನೀ ಎಂಟಕ್ಕ ಅಲ್ಲಿರ್ತಿ."

ಮರುದಿನ ಬೆಳಗ್ಗೆ ಆಫೀಸಿನಿಂದ ಫೋನು ಬಂತು. ಹೈದರಾಬಾದಿನಿಂದ ಒಂದು ಬಸ್ಸೂ ಹೊರಡುವುದಿಲ್ಲ. ಪುಣೆಯಿಂದ ಬಂದದ್ದೊಂದು ಗಡಿಯ ಆಚೆ, ಕರ್ನಾಟಕದ ನೆಲದಲ್ಲಿ, ಹೆದ್ದಾರಿ ಪಕ್ಕದ ಧಾಬಾದಲ್ಲಿ ನಿಂತಿದೆ. ಅಲ್ಲಿಂದಲೇ ಮಧ್ಯಾಹ್ನ ಮೂರಕ್ಕೆ ಹಿಂದಕ್ಕೆ ತಿರುಗುತ್ತದೆ. ಈ ಕಡೆಯ ಎಲ್ಲ ಬಸ್ಸಿನ ಜನವನ್ನೂ ಸೇರಿಸಿ ಒಂದೇ ಚಾರ್ಟು. ಎರಡು ದಿನಕ್ಕೆ ಅದೊಂದೇ ಬಸ್ಸು. ನಾನು ನನ್ನ ಪ್ರಯಾಣಿಕರಿಗೆ ಒಬ್ಬೊಬ್ಬರಿಗೂ ಫೋನು ಮಾಡಿ, ಜೀಪಿನಲ್ಲಿ ಮೊಗುಡಂಪಲ್ಲಿಯ ಒಳರಸ್ತೆಯಿಂದ ಗಡಿ ದಾಟಿಸಬೇಕು. ಪರದೆಯ ಮೇಲೆ ಬಸ್ಸು ನಿಲ್ಲುವ ಜಾಗ ಮಾತ್ರ ಜಹೀರಾಬಾದ್ ಎಂದೇ ಇತ್ತು. ಅದನ್ನು ಬದಲಿಸಲು ಆಫೀಸಿನಲ್ಲಿ ಯಾರಿಗೂ ಪುರಸತ್ತಿರಲಿಲ್ಲ.

ಫೋನಿನ ಹಿಂದೆಯೇ ಸಾವ್ಕಾರರು ಬಂದರು. ನನ್ನ ತಗಡಿನ ಅಂಗಡಿ ನಿಂತ ಜಾಗ ಅವರದು. ಅವರ ಮನೆಯ ಮೂವರು ಹೆಂಗಸರು, ಹೆಂಡತಿ, ಸೊಸೆ, ತಂಗಿ, ಪುಣೆಗೆ ಹೋಗಬೇಕಿತ್ತು. ಅಲ್ಲಿರುವ ಮಗಳಿಗೆ ಏಳನೆಯ ತಿಂಗಳ ಕುಬಸ, ಸೀಮಂತದ ಕಾರ್ಯ.

"ಮೂರು ಸೀಟು ಬೇಕ ನೋಡು. ಆಗ್ತದ ಇಲ್ಲ?"

"ಆಗ್ತದ್ರಿ ಸಾವ್ಕಾರ್ರ."

ಚಾರ್ಟು ನೋಡಿದ್ದು ಆಮೇಲೆ. ಅದರಲ್ಲಿ ನನ್ನ ಇಲ್ಲದ ಹೆಂಗಸರು ಇಬ್ಬರೇ ಇದ್ದರು. ಎಲ್ಲ ಬಸ್ಸಿನ ಜನ ಸೇರಿದ್ದರಿಂದ ಅವರ ಪಕ್ಕದ ಗುಲಾಬಿ ಸೀಟುಗಳೂ ತುಂಬಿದ್ದವು. ಎರಡು ಸೀಟು ಆದವು. ಮೂರನೆಯದು ಇಲ್ಲ. ಆಫೀಸಿಗೆ ಕೇಳಿದೆ, ಅವರು ನಕ್ಕುಬಿಟ್ಟರು. ಸಾವ್ಕಾರರ ಮನೆಗೆ ಹೋಗಿ "ಎರಡೇ ಆದವು, ಒಬ್ಬರು ನಿಲ್ಲಬೇಕು" ಅಂದಿದ್ದರೆ ಮುಗಿಯುತ್ತಿತ್ತು. ಕುಬಸಕ್ಕೆ ಒಬ್ಬ ಅತ್ತೆ ಕಡಿಮೆಯಾಗುತ್ತಿದ್ದಳು. ಅಂಗಡಿ ಎತ್ತು ಅಂತ ಅವರು ಅನ್ನುತ್ತಿರಲಿಲ್ಲ. ಅಷ್ಟು ಸಣ್ಣ ಮನುಷ್ಯರಲ್ಲ ಅವರು. ಸಣ್ಣವನು ನಾನು. ಮೂವತ್ತು ವರ್ಷ ಆಡದ "ಇಲ್ಲ" ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ.

ಚಾರ್ಟಿನ ಮೇಲೆ ಬೆರಳು ಇಳಿಸುತ್ತ ಬಂದೆ. ಒಂಟಿಯಾಗಿ ಹೊರಟ ಹೆಂಗಸರು ಮೂವರಿದ್ದರು. ಒಬ್ಬರು ಪೊಲೀಸ್ ಅಧಿಕಾರಿಯ ಮನೆಯವರು. ಒಬ್ಬರು ಬಟ್ಟೆ ಅಂಗಡಿಯವರ ಅಕ್ಕ. ಮೂರನೆಯದು ಹನ್ನೊಂದನೆಯ ಸೀಟು, ವಯಸ್ಸು ಇಪ್ಪತ್ತೆರಡು. ನನ್ನ ಹೆಂಗಸರೆಲ್ಲ ಮೂವತ್ತರವರು. ಹೀಗಾಗಿ ಕಣ್ತಪ್ಪಿನಿಂದ ಆಯಿತು ಅಂತ ನಾನು ಹೇಳಲಾರೆ. ಹಿಂದಿನ ದಿನ ಮುಖ ನೋಡಿದ್ದೆ, ಕಾಗದ ಓದಿದ್ದೆ. ಅವಳ ಅಡ್ಡಹೆಸರೂ ಅಲ್ಲಿತ್ತು. ನಮ್ಮ ಕಡೆ ಅಡ್ಡಹೆಸರು ಓದಿದರೆ ಮನೆ ಯಾವ ಓಣಿಯಲ್ಲಿದೆ, ಗೋಡೆಯ ಮೇಲೆ ಯಾರ ಪಟವಿದೆ ಎಂದು ತಿಳಿಯುತ್ತದೆ. ಅವರು ಬುದ್ಧನನ್ನು ನಂಬಿದ ಜನ. ತಂದೆಗೆ ಸ್ವಲ್ಪ ಒಣಭೂಮಿ, ತಾಯಿಗೆ ಕೂಲಿ. ನಾಲ್ಕು ಜನ ಕೂಡಿಕೊಂಡು ಬಂದು "ನಮ್ಮ ಹುಡುಗಿಯ ಸೀಟು ಏನಾಯಿತು" ಅಂತ ನನ್ನ ಮೇಜು ಗುದ್ದುವ ಮನೆಯಲ್ಲ ಅಂತ ಲೆಕ್ಕ ಹಾಕಿದೆ. ಇದನ್ನು ನಾನು ಆ ದಿನ ಮಾತಿನಲ್ಲಿ ಯೋಚಿಸಲಿಲ್ಲ. ಬೆರಳು ಯೋಚಿಸಿತು. ಆದರೆ ಬೆರಳೂ ನನ್ನದೇ.

ಆಫೀಸಿಗೆ ಫೋನು ಮಾಡಿದೆ. "ನಮ್ಮ ಹೆಂಗಸರು ಮೂರೂ ಮಂದಿ ಬರವಲ್ಲರು. ರದ್ದು ಮಾಡು."

"ಹನ್ನೊಂದು ನಿಮ್ಮ ಲಾಗಿನ್‌ದಲ್ಲ ಚಾಚಾ, ವೆಬ್‌ಸೈಟಿಂದು. ಇಪ್ಪತ್ತೆರಡು ಅದ."

"ಅದೂ ನಮ್ಮದೇ. ವೈನಿ ಅಂಗಡಿಯಿಂದ ಹಾಕ್ಸಿದ್ದೆ."

"ವಾ, ಕಡೀಕ ಒಬ್ಬಾಕಿಗರೆ ವಯಸ್ಸು ಕಡಿಮಿ ಮಾಡಿದ್ರಿ," ಅಂತ ನಕ್ಕು ಗುಂಡಿ ಒತ್ತಿದ. ಮಾಲೀಕರ ಪರದೆಯಿಂದ ಯಾವ ಸೈಟಿನ ಟಿಕೆಟನ್ನಾದರೂ ಅಳಿಸಬಹುದಿತ್ತು. ಮೂರು ಸೀಟೂ ಸಾವ್ಕಾರರ ಮನೆಯ ಹೆಸರಿಗೆ ಬಂದವು.

ಜೀಪು ಹನ್ನೆರಡೂವರೆಗೆ ಹೊರಟಿತು. ಅಂಗಡಿಗೆ ಕೀಲಿ ಹಾಕುವಾಗ ತಗಡಿನ ಮೇಲಿನ ನಂಬರು ಕಣ್ಣಿಗೆ ಬಿತ್ತು. ಅದಕ್ಕೆ ಬೆನ್ನು ಮಾಡಿ ಕೀಲಿ ತಿರುಗಿಸಿದೆ.

ಧಾಬಾದಲ್ಲಿ ಬಸ್ಸು ನಿಂತಿತ್ತು. ಗಡಿಯ ಈಚೆ ಒಂದು ಇರುವೆ ಅಲುಗದ ಬಂದ್. ಆಚೆ ಕಬ್ಬಿನ ಹಾಲು ಮಾರುತ್ತಿದ್ದರು. ಸಾವ್ಕಾರರ ಹೆಂಡತಿ ನನಗೂ ಒಂದು ಗ್ಲಾಸು ಕೊಡಿಸಿದರು. ಅದನ್ನು ಕುಡಿಯುತ್ತಿರುವಾಗ ವೈನಿಯ ಫೋನು ಬಂತು. ಎರಡೂಕಾಲು ಗಂಟೆ.

"ತಮ್ಮಾ, ನಮ್ಮ ಪೆದ್ದೆಮುಲ್ ಹುಡುಗಿ ಬಸ್ಸಿನ ಸುದ್ದಿ ಕೇಳಾಕಂತ ನಿನ್ನ ಅಂಗಡಿ ಮುಂದ ಒಂದರಿಂದ ನಿಂತಾಳ. ಕೀಲಿ ಹಾಕ್ಯದಂತ. ಎಲ್ಲಿದ್ದಿ?"

ನಾನು ಉತ್ತರ ಕೊಡುವ ಮೊದಲೇ ಅವರು ಮುಂದುವರಿದರು. "ಮತ್ತ ಇದೇನೋ, ನನ್ನ ಫೋನಿಗಿ ಟಿಕೆಟ್ ರದ್ದಾಗ್ಯದಂತ ಮೆಸೇಜ್ ಬಂದದ. ಬಂದ್ ಅಂತ ಶಟರ್ ಇಳಿಸಿ, ಬಾಕಿ ಝೆರಾಕ್ಸ್ ಕೆಲಸದ ಗಡಬಡಿಯೊಳಗ ನಾ ನೋಡೇ ಇಲ್ಲ. ಹೆಂಗ ಆತು?"

ಆ ಮೆಸೇಜು ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು. "ನಿಮ್ಮ ಟಿಕೆಟ್ ರದ್ದಾಗಿದೆ." ಅಷ್ಟೇ. ಯಾರು ಒತ್ತಿದರು ಅಂತ ಅದರಲ್ಲಿ ಇರುವುದಿಲ್ಲ. ಮಾಲೀಕ ಒತ್ತಲಿ, ಏಜೆಂಟ ಒತ್ತಿಸಲಿ, ಪ್ರಯಾಣಿಕರೇ ಒತ್ತಿಕೊಳ್ಳಲಿ, ಮೆಸೇಜು ಒಂದೇ.

"ಮುಂಜಾನೆ ಟಿಕೆಟ್ ತಗದು ನೋಡಿದ್ರೇನು ವೈನಿ?" ಅಂತ ಕೇಳಿದೆ.

"ನೋಡೀನಿ. ಬಂದ್ ಅದಲ್ಲ, ಬಸ್ ಅದನೋ ಇಲ್ಲೋ ಅಂತ ಮೂರ್ನಾಕ ಸರ್ತಿ ತಗದು ನೋಡೀನಿ."

"ಅಲ್ಲೇ ಬಾಜೂಕ ರದ್ದು ಮಾಡೂ ಗುಂಡಿ ಇರ್ತದ. ಕೈ ತಾಕಿರಬೇಕು."

ಆ ಕಡೆ ಝೆರಾಕ್ಸ್ ಮಷೀನು ನಿಲ್ಲಿಸಿದ ಸದ್ದು ಬಂತು.

"ನಾ ಒತ್ತಿಲ್ಲೋ ತಮ್ಮಾ."

"ಗೊತ್ತಾಗಂಗಿಲ್ಲ ವೈನಿ. ನನಗೂ ಎಷ್ಟೋ ಸರ್ತಿ ಹಂಗ ಆಗ್ಯದ."

"ಹಂಗಂದ್ರ ನಾನ ಒತ್ತೀನೇನು?" ಅಂದರು. ಪ್ರಶ್ನೆ ನನಗಲ್ಲ, ತಮಗೇ ಕೇಳಿಕೊಂಡದ್ದು. ಮರುಗಳಿಗೆ ಬೇಡಿಕೊಳ್ಳತೊಡಗಿದರು. "ಒಂದು ಸೀಟ್ ಹೆಂಗರೆ ಮಾಡೋ. ನಿನ್ನ ಬಾಯಾಗ ಇಲ್ಲ ಅನ್ನೂ ಮಾತಿಲ್ಲ. ಡ್ರೈವರನ ಬಾಜೂಕ ಕೂಡಸು. ಆಕೀಗಿ ನಾಳಿ ಹತ್ತಕ್ಕ ಹಾಜರಾಗಬೇಕೋ."

ಬಸ್ಸು ಬಿಡಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಜೀಪು ಖಾಲಿ ನಿಂತಿತ್ತು. ಜಹೀರಾಬಾದಿಗೆ ಹೋಗಿ ಅವಳನ್ನು ಕರೆದುಕೊಂಡು ಬರಲು ಅಷ್ಟು ಸಾಕಾಗಿತ್ತು. ಡ್ರೈವರಿನ ಕ್ಯಾಬಿನ್ನಿನಲ್ಲಿ ಒಬ್ಬರು ಕೂರಬಹುದಿತ್ತು. ಆದರೆ ಅವಳು ಇಲ್ಲಿಗೆ ಬಂದು ಹನ್ನೊಂದನೆಯ ಸೀಟಿನಲ್ಲಿ ಕೂತವರನ್ನು ನೋಡಿದರೆ? ನನ್ನ ಉಪಾಯವೆಲ್ಲ ಸಾವ್ಕಾರರ ಹೆಂಡತಿಯ ಮುಂದೆ ಬಿಚ್ಚಿಕೊಳ್ಳುತ್ತಿತ್ತು. ನಾನು ನನ್ನ ಜೀವನದಲ್ಲಿ ಮೊದಲ ಸಲ ಆ ಮಾತು ಆಡಿದೆ.

"ಸೀಟಿಲ್ಲ ವೈನಿ."

ಸಾವ್ಕಾರರಿಗೆ ಹೇಳಲಾಗದ ಮಾತು ವೈನಿಗೆ ಎಷ್ಟು ಸಲೀಸಾಗಿ ಬಂತು.

ಮೂರು ಗಂಟೆಗೆ ಡ್ರೈವರ್ ಕೆಳಗಿಳಿದು, "ಇನ್ನಾ ಯಾರರೆ ಅದಾರೇನ್ರಿ?" ಅಂತ ಕೇಳಿದ.

"ಮುಗೀತು. ಬಿಡ್ರಿ," ಅಂದೆ.

ಹುಡುಗಿ ಸುಮ್ಮನೆ ಕೂರಲಿಲ್ಲ. ಸಂಬಂಧಿಕರ ಸೈಕಲ್ಲಿನ ಹಿಂದೆ ಕೂತು ಗಡಿಯ ತನಕ ಬಂದಳಂತೆ, ಅಲ್ಲಿಂದ ಟೆಂಪೊ ಹಿಡಿದು ಹುಮನಾಬಾದ್, ಅಲ್ಲಿಂದ ಸೊಲ್ಲಾಪುರ, ಅಲ್ಲಿಂದ ಪುಣೆ. ಆಸ್ಪತ್ರೆಯ ಬಾಗಿಲಿಗೆ ಹೋದಾಗ ಮಧ್ಯಾಹ್ನ ಒಂದೂವರೆ. ಪಟ್ಟಿಯಲ್ಲಿ ಮುಂದಿನವಳು ಬಂದು ಸಹಿ ಮಾಡಿ ಆಗಿತ್ತು. ಬಂದ್ ಅಂದಳು, ಟಿಕೆಟ್ ತೋರಿಸಿದಳು. ಅವರು ಅದರ ನಂಬರು ಹಾಕಿ ನೋಡಿದರೆ ರದ್ದಾದ ಟಿಕೆಟು. ನೀವೇ ರದ್ದು ಮಾಡಿಕೊಂಡಿದ್ದೀರಲ್ಲ ಅಂದರಂತೆ.

ಇದೆಲ್ಲ ನನಗೆ ಹೇಳಿದವರು ವೈನಿಯೇ. ಬಂದ್ ಮುಗಿದ ದಿನವೇ ಅವರು ಪೆದ್ದೆಮುಲ್ ಕಡೆಯ ಆ ಮನೆಗೆ ಹೋಗಿ, ಹುಡುಗಿಯ ತಾಯಿಯ ಎರಡೂ ಕೈ ಹಿಡಿದು, "ನನ್ನ ಕೈ ತಪ್ಪಿತು" ಅಂತ ಅತ್ತಿದ್ದರು. ಮರುವಾರ ನಾನು ತಾಂಡೂರಿಗೆ ಹೋದಾಗ ಮಳಿಗೆಯ ಬೋರ್ಡಿನಲ್ಲಿ ಟಿಕೆಟ್ ಅನ್ನುವ ಪದದ ಮೇಲೆ ಸುಣ್ಣ ಬಳಿದಿತ್ತು. ಕಂಪ್ಯೂಟರುಗಳ ಮೇಲೆ ಬೆಡ್‌ಶೀಟು ಹೊದಿಸಿದ್ದರು. ಝೆರಾಕ್ಸ್ ಮಾತ್ರ ಉಳಿಯಿತು.

"ಕೈಗಿ ಕಣ್ಣಿಲ್ಲದಾಕಿ ಇಂಥಾದು ಮಾಡಬಾರದೋ ತಮ್ಮಾ," ಅಂದರು. ನನಗೆ ಚಹಾ ಕೊಟ್ಟರು. ನಾನು ಕುಡಿದೆ. ಅವತ್ತು ಹೇಳಬಹುದಿತ್ತು. ಆ ಚಹಾ ಆರುವಷ್ಟು ಹೊತ್ತಿನಲ್ಲಿ ಮುಗಿಯುವ ಮಾತು.

ಆಮೇಲೆ ನಾನು ಇಲ್ಲದ ಹೆಂಗಸರನ್ನು ಕೂರಿಸುವುದನ್ನು ಬಿಟ್ಟೆ. ಇದನ್ನು ಒಳ್ಳೆಯತನವೆಂದು ಬರೆಯುತ್ತಿಲ್ಲ. ಚಾರ್ಟಿನಲ್ಲಿ ಹೆಂಗಸಿನ ಹೆಸರು ಕಂಡರೆ ಹಾಳೆ ಮಗುಚಿ ಇಡುತ್ತಿದ್ದೆ, ಅಷ್ಟೇ. ರಾಜ್ಯ ಬಂತು. ಹೆದ್ದಾರಿಯಲ್ಲಿ ಪಟಾಕಿ ಹಾರಿತು, ಗುಲಾಲು ಎರಚಿದರು, ನನ್ನ ಹೆಗಲಿಗೂ ಒಂದು ಶಾಲು ಹಾಕಿದರು. ಬಂದ್‌ಗಳಲ್ಲಿ ಅಂಗಡಿ ಮುಚ್ಚಿ ಸಹಕರಿಸಿದ್ದಕ್ಕೆ. ಆ ಶಾಲು ಹೊದ್ದುಕೊಂಡು ನಿಂತಿರುವಾಗ ನನಗೆ ಸಿಟ್ಟು ಬಂತು. ನಮ್ಮ ಮಕ್ಕಳ ನೌಕರಿ ಕಸಿದವರು ಹೊರಗಿನವರು ಅಂತ ಕೂಗಿದ್ದೆನಲ್ಲ; ಒಂದು ನೌಕರಿಯನ್ನಂತೂ ಯಾರು ಕಸಿದರು ಅಂತ ನನಗೆ ಹೆಸರು, ಊರು, ಅಂಗಡಿ ಸಮೇತ ಗೊತ್ತಿತ್ತು.

ಮರುದಿನವೇ ಬಸ್ಸು ಹತ್ತಿ ಪೆದ್ದೆಮುಲ್ ಕಡೆ ಹೋದೆ. ಹುಡುಗಿ ಆಗ ತಾಂಡೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದಳು; ಅವತ್ತು ರಜೆಯಲ್ಲಿ ಮನೆಯಲ್ಲೇ ಇದ್ದಳು. ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ. ಸಾವ್ಕಾರರು, ಕುಬಸ, ಇಪ್ಪತ್ತೆರಡು, ಅಡ್ಡಹೆಸರು. ಒಂದನ್ನೂ ಬಿಡಲಿಲ್ಲ. ಅವಳ ತಾಯಿ ಮೊರ ಹಿಡಿದುಕೊಂಡು ಹಾಗೇ ನಿಂತಿದ್ದರು. ನಾನು ಕೈ ಮುಗಿದೆ.

ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು.

"ಕುಬಸ ಛಲೋ ಆತೇನ್ರಿ?" ಅಂತ ಕೇಳಿದಳು.

ನಾನು ಮುಗಿದ ಕೈಯನ್ನು ಇನ್ನೂ ಮೇಲೆತ್ತಿದೆ.

"ಕೈ ಇಳಸ್ರಿ ಕಾಕಾ. ನಾ ಕ್ಷಮಾ ಮಾಡಂಗಿಲ್ಲ. ನಿಮ್ಮ ಮಂದಿ ಅಡ್ಡಹೆಸರು ಓದೂದು ನನಗ ಹೊಸಾದಲ್ಲ, ಸಾಲ್ಯಾಗಿಂದ ನೋಡ್ಕೋತ ಬಂದೀನಿ. ನಿಮ್ಮಿಂದ ನಾ ಸತ್ತೂ ಹೋಗಿಲ್ಲ. ದುಡೀಲಿಕ್ಹತ್ತೀನಿ, ಉಣ್ಣಲಿಕ್ಹತ್ತೀನಿ." ಆಮೇಲೆ ಕೇಳಿದಳು: "ಅಕ್ಕಾರಿಗಿ ಹೇಳೀರೇನು?"

ನಾನು ಮುಗಿದ ಕೈ ಇಳಿಸಿದೆ.

"ಇಲ್ಲಲ್ಲ? ಅವರು ವರ್ಷಾ ಏಪ್ರಿಲ್ ಜಯಂತಿಗಿ ನಮ್ಮವ್ವಗ ನೀಲಿ ಅಂಚಿನ ಸೀರಿ ತಗೊಂಡು ಬರ್ತಾರ. ಬ್ಯಾಡಂದ್ರ ಅಳ್ತಾರ. ಮೌಸ್ ಹಿಡಿಯೂ ಬೆರಳ ತೋರಿಸಿ, ಇದನ್ನ ಕಡದು ಹಾಕಬೇಕವ್ವಾ ಅಂತಾರ. ನನ್ನ ಹಂತ್ಯಾಕ ಯಾಕ ಬಂದೀರಿ ನೀವು? ನನ್ನ ನೌಕರಿ ಹೋಗಿದ್ದು ಒಂದು ದಿನ. ಅವರ ಕೈ ನೀವು ದಿನಾ ಕಡೀಲಿಕ್ಹತ್ತೀರಿ."

ಅವಳ ತಾಯಿ ಮೊರ ಕೆಳಗಿಟ್ಟು ಒಳಗೆ ಹೋದರು. ನನಗೆ ಯಾರೂ ಕೂರು ಅನ್ನಲಿಲ್ಲ. ಅನ್ನಬಾರದು ಕೂಡ.

ಅಲ್ಲಿಂದ ತಾಂಡೂರು ದೂರವಿರಲಿಲ್ಲ. ಸ್ಟೇಷನ್ ರಸ್ತೆಯ ತನಕ ಹೋದೆ. ವೈನಿ ಮಳಿಗೆಯಲ್ಲಿ ಯಾರದೋ ರೇಷನ್ ಕಾರ್ಡ್ ಝೆರಾಕ್ಸ್ ಮಾಡುತ್ತಿದ್ದರು. ನೋಡಿ ನಕ್ಕು, "ಏನೋ ತಮ್ಮಾ, ಶಾಲು ಹಾಕಿದ್ರಂತ ಕೇಳ್ದೆ!" ಅಂದರು. ನಾನು ಕಾಲು ನೋವು ಅಂದೆ, ಹವೆ ಅಂದೆ, ಮಗಳ ಸುದ್ದಿ ಅಂದೆ. ಬಂದ ಮಾತು ಬಿಟ್ಟು ಎಲ್ಲ ಅಂದೆ. ಹುಡುಗಿಯ ಮುಂದೆ ನಿಲ್ಲಲು ಬಂದ ಧೈರ್ಯ ಇಲ್ಲಿ ಬರಲಿಲ್ಲ. ಅವಳು ನನ್ನನ್ನು ಕ್ಷಮಿಸುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಹೋಗಲು ಸುಲಭವಾಯಿತೋ ಏನೋ. ವೈನಿ "ಹೋಗ್ಲಿ ಬಿಡೋ" ಅಂದುಬಿಟ್ಟರೆ ನಾನೇನು ಮಾಡಲಿ?

ಈಗ ಅದಕ್ಕೂ ಹೆದರುವುದಿಲ್ಲ. ಅವರು ಬಿಡಲಿ, ಹಿಡಿಯಲಿ. ಈ ಬರಹ ಕ್ಷಮೆಯ ಅರ್ಜಿಯಲ್ಲ, ಸಾಕ್ಷಿ. ಸಿಸ್ಟಮ್ ಅನ್ನುವವರು ನನ್ನ ಮುಂದೆ ಬಂದು ಅನ್ನಲಿ. ಆ ಟಿಕೆಟು ಸರಿಯಾಗಿತ್ತು. ಸೀಟು ಇತ್ತು. ಬಸ್ಸು ಇತ್ತು. ಟಿಕೆಟ್ ಮಾಡಿದ ಕೈ ಒಂದು ಅಕ್ಷರವನ್ನೂ ತಪ್ಪಿ ಒತ್ತಿರಲಿಲ್ಲ. ಒತ್ತಿಸಿದವನು ನಾನು, ಒತ್ತಿದ್ದು ನೀವೇ ಅಂತ ನಂಬಿಸಿದವನೂ ನಾನು. ನಂಬಿದವರು ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುವವರು, ಅದರಲ್ಲಿ ಅಚ್ಚಾಗುವ ಇದನ್ನೂ ಓದುತ್ತಾರೆ. ನಾನು ಕ್ಷಮೆ ಕೇಳದೆ ಉಳಿಸಿಕೊಂಡಿರುವುದು ಅವರೊಬ್ಬರಿಗೇ. ಕರಣಕೋಟದ ಕಡೆ ದುಡಿದು ಸತ್ತ ನಮ್ಮ ಅಣ್ಣನ ಹೆಂಡತಿ, ತಾಂಡೂರಿನ ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಯವರು, ನನ್ನ ವೈನಿ.